ಎರಡು ಮೂಟೆ ಇದ್ದಿಲು

ಬೀದಿಯ ಮೂಲೆಯ ಇಸ್ತ್ರಿ ಅಂಗಡಿಯವನನ್ನು ಎಲ್ಲರೂ ಗೆರೆಮಾವ ಎಂದೇ ಕರೆಯುತ್ತಾರೆ. ಅವನು ಪ್ಯಾಂಟಿಗೆ ಹಾಕಿದ ಗೆರೆ ಮಳೆಯಲ್ಲಿ ನೆನೆದರೂ ಅಳಿಸುವುದಿಲ್ಲ ಎಂಬ ಮಾತಿದೆ. ಆ ಮಾತನ್ನು ಹುಟ್ಟಿಸಿದವನೂ ಅವನೇ. ಕರೆಂಟಿನ ಪೆಟ್ಟಿಗೆ ಕಂಡರೆ ಅವನಿಗಾಗದು, ಕೆಂಡದ ಪೆಟ್ಟಿಗೆಯೇ ಆಗಬೇಕು. ಇದ್ದಿಲನ್ನು ಉಗುರಿನಿಂದ ತಟ್ಟಿ, ಸದ್ದು ಕೇಳಿಯೇ ಯಾವ ಮರದ್ದೆಂದು ಹೇಳುತ್ತೇನೆ ಎಂದು ಜಂಬ ಕೊಚ್ಚುತ್ತಿದ್ದ.

ಅವನು ಬೀದಿಗೆಲ್ಲ ಮಾವನಾದ ಮೇಲೆ ಅವನ ಹೆಂಡತಿ ಬೀದಿಗೆಲ್ಲ ಅತ್ತೆ ತಾನೇ. ಅತ್ತೆಗೆ ಇದ್ದದ್ದು ಒಂದೇ ಕೊರಗು: ಟೊಮೇಟೊ. ಅಂಗಡಿಯ ಹಿಂದಿನ ಹಿತ್ತಲಿನ ಮಣ್ಣು ಬಿಸಿಲಿಗೆ ಕಲ್ಲು, ಮಳೆಗೆ ಅಂಟು. ಪಕ್ಕದ ಬೀದಿಯಲ್ಲಿದ್ದ ಅವಳ ಅಕ್ಕನ ಹಿತ್ತಲಲ್ಲಿ ಮಾತ್ರ ಬೇಡ ಅಂದರೂ ಹಣ್ಣು ಬಿಡುತ್ತಿತ್ತು. ಅಕ್ಕ ಪ್ರತಿ ವರ್ಷ ಬುಟ್ಟಿ ತುಂಬ ತಂದುಕೊಟ್ಟು, "ತಗೊಳ್ಳೇ, ನಿನ್ನ ಕೈಲಿ ಹೇಗೂ ಆಗಲ್ಲ" ಅನ್ನುತ್ತಿದ್ದಳು. ಕೊಡುವ ಕೈ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಒಂದೇ ಒಂದು ಸಲ ಬುಟ್ಟಿ ತುಂಬಿಸಿ ಅಕ್ಕನಿಗೆ ವಾಪಸು ಕೊಡಬೇಕೆಂಬುದು ಅತ್ತೆಯ ಹಟ.

ಗೆರೆಮಾವ ಪೆಟ್ಟಿಗೆಯಿಂದ ಇದ್ದಿಲಿನ ಚೂರು ಎಸೆಯುತ್ತಿದ್ದ ಮೂಲೆಯಲ್ಲಿ ಕಳೆ ಸೊಂಪಾಗಿ ಬೆಳೆಯುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ಅವಳಿಗೆ ಹಿತ್ತಲ ಕಸವೇ ಮದ್ದಾಗಿ ಕಂಡಿತು. ಗಿರಣಿಯವರು ಬಿಸಾಡಿದ ಮೆಕ್ಕೆಜೋಳದ ದಿಂಡು ಹೊತ್ತು ತಂದು, ಗುಂಡಿಯಲ್ಲಿ ಸುಟ್ಟು, ಬೂದಿಯಾಗುವ ಮುಂಚೆ ನೀರು ಸುರಿದಳು. ಆ ಇದ್ದಿಲನ್ನು ಪುಡಿ ಮಾಡಿ ಸಸಿಗಳ ಬುಡಕ್ಕೆ ಬೆರೆಸಿದಳು. ಸಸಿಗಳು ಹಳದಿಯಾಗಿ ತಲೆ ಬಾಗಿಸಿದವು. ಗೆರೆಮಾವ ಹೊಟ್ಟೆ ಹಿಡಿದುಕೊಂಡು ನಕ್ಕ.

ನಗದೆ ಇದ್ದವಳು ಹಾಲಿನವಳು. "ಹಸಿದ ಇದ್ದಿಲು ಹಾಕಿದ್ದೀರಲ್ಲ ಅತ್ತೆ. ಅದು ಗಿಡದ ತಟ್ಟೆಗೇ ಕೈ ಹಾಕುತ್ತೆ. ಮೊದಲು ಅದಕ್ಕೆ ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ಮಣ್ಣಿಗೆ ಹಾಕಿ."

ಊಟ ಅಂದರೆ ಗಂಜಲ, ಸಗಣಿ ನೀರು. ಮುಂದಿನ ನಾಟಿಗೆಂದು ಅತ್ತೆ ಮತ್ತೆ ದಿಂಡು ಸುಟ್ಟು, ಇದ್ದಿಲಿನ ತುಂಡುಗಳನ್ನು ಅದರಲ್ಲಿ ವಾರಗಟ್ಟಲೆ ನೆನೆಸಿ, ಆರಿಸಿ, ಸಣ್ಣ ಮೂಟೆ ಕಟ್ಟಿ ಹಿಂಬಾಗಿಲ ಬಳಿ ಇಟ್ಟಳು. ಗಂಡನ ಇದ್ದಿಲಿನ ಮೂಟೆಯ ಜಾಗವೂ ಅದೇ.

ನಾಟಿಯ ಹಿಂದಿನ ದಿನ ಅತ್ತೆ ಸಸಿ ತರಲು ಹೋಗಿದ್ದಳು. ಗೆರೆಮಾವನ ಪೆಟ್ಟಿಗೆಯಲ್ಲಿ ಇದ್ದಿಲು ಮುಗಿದಿತ್ತು, ನೆಗಡಿಯಿಂದ ಮೂಗು ಕಟ್ಟಿತ್ತು, ಎದುರು ಮನೆಯ ಮದುವೆ ಗಂಡಿನ ಸೂಟು ಮೇಜಿನ ಮೇಲೆ ಕಾಯುತ್ತಿತ್ತು. ಹಿಂಬಾಗಿಲ ಬಳಿ ಕೈಗೆ ಸಿಕ್ಕ ಮೂಟೆಯನ್ನು ಬಿಚ್ಚಿ, ಉಗುರಿನಿಂದ ತಟ್ಟಿ, "ಚೆನ್ನಾಗಿ ಒಣಗಿದ ಮಾಲು" ಎಂದು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡ. ಗಂಡಿನ ಸೂಟು, ಗಂಡಿನ ಅಪ್ಪನ ಅಂಗಿ, ಹೆಡ್‌ಮಾಸ್ತರರ ಪ್ಯಾಂಟು, ಎಲ್ಲಕ್ಕೂ ಅದೇ ಹೊಗೆ ಹಿಡಿಯಿತು. ಹಗುರ ಮಾಲು, ಬೇಗ ಉರಿದು ಮೂಟೆಯ ತಳ ಕಂಡಿತು.

ಮೊದಲು ಬಂದವನು ಮದುವೆ ಗಂಡು.

"ಮಾವ, ಇದನ್ನ ಎಲ್ಲಿಟ್ಟಿದ್ರಿ? ಕೊಟ್ಟಿಗೇಲಾ?"

"ಗೆರೆ ನೋಡಪ್ಪ ನೀನು, ಗೆರೆ."

"ಗೆರೆ ಚೆನ್ನಾಗಿದೆ. ಹುಡುಗಿ ಪಕ್ಕದಲ್ಲಿ ನಿಲ್ಲಬೇಕಲ್ಲ."

ಹಿಂದೆಯೇ ಹೆಡ್‌ಮಾಸ್ತರರು ಬಂದರು. ಮಧ್ಯಾಹ್ನದ ತರಗತಿಯಲ್ಲಿ ಮಕ್ಕಳು ಹೇಳಿಸಿಕೊಳ್ಳದೆಯೇ ಎಲ್ಲ ಕಿಟಕಿ ತೆರೆದಿದ್ದರಂತೆ. ಗೆರೆಮಾವ ಬಟ್ಟೆಯನ್ನು ಮುಖಕ್ಕೆ ಹಿಡಿದು ಎಳೆದೆಳೆದು ಮೂಸಿದ. ಕಟ್ಟಿದ ಮೂಗಿಗೆ ಏನು ಗೊತ್ತಾದೀತು? ನಿಮ್ಮ ಮೂಗೇ ಸರಿಯಿಲ್ಲ ಎಂದು ಎಲ್ಲರನ್ನೂ ಸಾಗಹಾಕಿದ.

ಸಂಜೆ ಸಸಿಗಳೊಂದಿಗೆ ಬಂದ ಅತ್ತೆಗೆ ಹೊಸ್ತಿಲಲ್ಲೇ ವಾಸನೆ ಬಡಿಯಿತು. ಖಾಲಿ ಮೂಟೆಯನ್ನು ಕೊಡವಿ ನೋಡಿದಳು.

"ರೀ, ನನ್ನ ಇದ್ದಿಲು?"

"ಅದು ನಿಂದು ಅಂತ ನನಗೇನು ಗೊತ್ತು? ಮೂಟೆ ಮೇಲೆ ಒಂದು ಗುರುತಾದ್ರೂ ಬೇಡ್ವೇನೇ?"

"ಸದ್ದು ಕೇಳಿ ಮರ ಹೇಳೋರಿಗೆ ಗುರುತು ಬೇರೆ ಬೇಕಾ?"

ಅತ್ತೆ ಜಗಳ ಬೆಳೆಸಲಿಲ್ಲ. ಸಸಿಗಳನ್ನು ನೆರಳಿಗಿಟ್ಟು ಮೆಟ್ಟಿಲ ಮೇಲೆ ಕೂತು, "ಈ ವರ್ಷಾನೂ ಅಕ್ಕನ ಬುಟ್ಟೀನೇ" ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತು ಮಾತ್ರ ನಾಟಿತು, ನಾಚಿಕೆಯಾಯಿತು.

ಮರುದಿನ ಅವನು ಅಂಗಡಿ ತೆರೆಯದೆ ವಾಸನೆ ಹಿಡಿದ ಬೀದಿಯವರ ಬಟ್ಟೆಯನ್ನೆಲ್ಲ ವಾಪಸು ತಂದು ತಾನೇ ಒಗೆದ. ಆಮೇಲೆ ಗುಂಡಿಯ ಬಳಿ ಕೂತು ದಿಂಡು ಸುಟ್ಟ. ಕೆಂಡ ಯಾವಾಗ ಹದಕ್ಕೆ ಬರುತ್ತದೆ, ಯಾವಾಗ ನೀರು ಸುರಿಯಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇ? ಗಂಜಲದ ಕೊಡ ಹೊತ್ತು ಬೀದಿಯಲ್ಲಿ ಬರುವಾಗ ಆ ಮದುವೆ ಗಂಡು ಜಗಲಿಯಿಂದಲೇ, "ಇವತ್ತು ಯಾರ ಸೂಟಿಗೆ ಮಾವ?" ಎಂದು ಕೇಳಿದ. ಗೆರೆಮಾವ ತಲೆ ತಗ್ಗಿಸಿ ನಡೆದ.

ಸಸಿಗಳು ಡಬ್ಬಗಳಲ್ಲೇ ಕಾದವು. ನಾಟಿ ತಡವಾಯಿತು. ಆದರೆ ಈ ಸಲ ಮಣ್ಣು ಸಡಿಲವಾಗಿ ನೀರು ಹಿಡಿದುಕೊಂಡಿತು, ಎಲೆ ಹಳದಿಯಾಗಲಿಲ್ಲ, ಹಣ್ಣಿನ ಭಾರಕ್ಕೆ ಗಿಡಗಳಿಗೆ ಕೋಲು ನೆಡಬೇಕಾಯಿತು.

ಬುಟ್ಟಿ ತುಂಬಿದ ದಿನ ಅತ್ತೆ ಅಕ್ಕನ ಮನೆಗೆ ಹೊರಟಳು. ಊರಿನವರಿಗೆಲ್ಲ ಗೆರೆ ಹಾಕಿಕೊಟ್ಟವನ ಹೆಂಡತಿ ಇಷ್ಟು ವರ್ಷ ಓಡಾಡಿದ್ದು ಮುದುಡಿದ ಬಟ್ಟೆಯಲ್ಲೇ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಅಂದು ಅವಳ ಒಳ್ಳೆಯ ಉಡುಪು ಇಸ್ತ್ರಿಯಾಗಿ ಮೇಜಿನ ಮೇಲಿತ್ತು, ಇನ್ನೂ ಬೆಚ್ಚಗಿತ್ತು. ಅತ್ತೆ ಅದನ್ನೆತ್ತಿ ಮೊದಲು ಮೂಸಿದಳು.

"ಯಾವ ಮೂಟೇದು ರೀ?"

"ನಿನ್ನ ಮೂಟೆ ಮುಟ್ಟೋ ಧೈರ್ಯ ಇನ್ನೆಲ್ಲಿದೆ ಮಾರಾಯ್ತಿ?"

ಬುಟ್ಟಿ ಹೊತ್ತು ಅವನೂ ಹಿಂದೆ ಹೋದ. ಅಕ್ಕ ಬಾಗಿಲು ತೆರೆದು, ತಂಗಿಯ ಉಡುಪನ್ನು ನೋಡಿ, ಬುಟ್ಟಿಯನ್ನು ನೋಡಿದಳು.

"ತಗೋ ಅಕ್ಕ," ಅಂದಳು ಅತ್ತೆ. "ನಮ್ಮನೇಲಿ ತಿಂದು ಮುಗೀತಿಲ್ಲ."

ಮನೆಯಲ್ಲಿ ಒಂದು ಹಣ್ಣೂ ಉಳಿದಿರಲಿಲ್ಲ, ಇದ್ದದ್ದೆಲ್ಲ ಆ ಬುಟ್ಟಿಯಲ್ಲಿತ್ತು. ಹಿಂದೆ ನಿಂತಿದ್ದ ಗೆರೆಮಾವ ಹೌದು ಹೌದೆಂದು ತಲೆಯಾಡಿಸಿದ.