ತಂತಿಯಕ್ಕ ಮತ್ತು ಉಳಿದಿದ್ದ ಒಂದು ಚಿಪ್

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ತಂತಿಯಕ್ಕ ಎನ್ನುತ್ತಿದ್ದರು. ಉಗುರಿನಗಲದ ಚಿಪ್‌ಗೆ ಕೂದಲಿಗಿಂತ ತೆಳ್ಳಗಿನ ತಂತಿಗಳನ್ನು ಸೂಕ್ಷ್ಮದರ್ಶಕದಡಿ ಬೆಸೆಯುವುದು ಅವಳ ಕೆಲಸ. ಕಣ್ಣಿನ ಪೊರೆ ತೆಗೆಸಿಕೊಂಡು ಈಗಷ್ಟೇ ಮರಳಿದ್ದಳು. ಈ ಸಲದ ಕೆಲಸ ಸರಿಬಾರದಿದ್ದರೆ ಮೇಜು ಬೇರೊಬ್ಬರಿಗೆ, ಅವಳು ಉಗ್ರಾಣಕ್ಕೆ ಎಂದು ಮೇಲಿನವರು ಹೇಳಿಬಿಟ್ಟಿದ್ದರು.

"ಉಗ್ರಾಣಕ್ಕೇನು ಕಮ್ಮಿ? ಬೀಗ ಕಾದ್ಕೊಂಡು ಹಾಯಾಗಿ ಕೂತಿರಬಹುದು," ಎಂದಿದ್ದ ಗಂಡ.

"ಬೀಗ ನೀವೇ ಕಾಯಿರಿ. ನನ್ನ ಕೈ ಇನ್ನೂ ನೆಟ್ಟಗಿದೆ."

ಅವಳು ಬೆಸೆದ ಚಿಪ್ ಅನ್ನು ಬಾಹ್ಯಾಕಾಶಕ್ಕಿಂತಲೂ ತಣ್ಣಗಿನ ಶೀತಯಂತ್ರದೊಳಗೆ ಇಳಿಸಿದರು. ಅಷ್ಟು ಚಳಿಯಲ್ಲಿ ಚಿಪ್‌ನ ಲೋಹ ಯಾವ ತಡೆಯೂ ಇಲ್ಲದೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಚಿಪ್ ಮೇಲೆ ಕ್ಯೂಬಿಟ್‌ಗಳು, ಕ್ವಾಂಟಮ್ ಕಂಪ್ಯೂಟರಿನಲ್ಲಿ ಲೆಕ್ಕ ಮಾಡುವ ಪುಟ್ಟ ಬಿಡಿಭಾಗಗಳು. ಪ್ರತಿಯೊಂದರ ಪಕ್ಕದಲ್ಲೂ ಹಾವಿನಂತೆ ಹೊರಳಿದ ಲೋಹದ ಗೆರೆ, ಅದೇ ರೆಸೊನೇಟರ್. ಕ್ಯೂಬಿಟ್ ಬಲು ಸೂಕ್ಷ್ಮ, ಅದನ್ನು ನೇರವಾಗಿ ಮಾತಾಡಿಸುವುದಿಲ್ಲ. ರೆಸೊನೇಟರಿಗೆ ಮೈಕ್ರೋವೇವ್ ಕಳಿಸಿ ಅದರ ಶ್ರುತಿಯನ್ನು ಕೇಳುತ್ತಾರೆ. ಜೋರಾಗಿ ಕೂಗಿದರೆ, ಅಂದರೆ ಮೈಕ್ರೋವೇವ್ ಬಲವಾಗಿದ್ದರೆ, ರೆಸೊನೇಟರ್ ನೆರೆಯವರ ಗೊಡವೆಯಿಲ್ಲದೆ ತನ್ನದೇ ಶ್ರುತಿ ಹಿಡಿಯುತ್ತದೆ. ಪಿಸುಗುಟ್ಟಿದರೆ, ಪಕ್ಕದ ಕ್ಯೂಬಿಟ್‌ಗೆ ಜೀವವಿದ್ದಲ್ಲಿ, ಆ ಶ್ರುತಿಯನ್ನು ಅದು ಚೂರು ಎಳೆದುಬಿಡುತ್ತದೆ.

ತಂಡದ ಮುಖ್ಯಸ್ಥೆ ಮೇಡಂ ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ಮೈಕ್ರೋವೇವ್ ಕಳಿಸಿ ನೋಡಿದರು. ಪರದೆಯ ಮೇಲೆ ಶ್ರುತಿ ತೋರಿಸುವ ಗೆರೆ ಕದಲಲಿಲ್ಲ.

"ರೆಸೊನೇಟರ್‌ಗಳೆಲ್ಲ ಹಾಡ್ತಿವೆ ಅಕ್ಕ, ನಿಮ್ಮ ಬೆಸುಗೆ ಗಟ್ಟಿಯಾಗೇ ಇದೆ. ಆದ್ರೆ ಕ್ಯೂಬಿಟ್‌ಗಳು ಸತ್ತಿವೆ. ಒಂದೂ ಉಳಿದಿಲ್ಲ."

ತಂತಿಯಕ್ಕ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು. ಸುಮ್ಮನೆ ಎದ್ದು ಹೋಗಲು ಮನಸ್ಸು ಒಪ್ಪಲಿಲ್ಲ.

"ಇನ್ನೊಂದು ಚಿಪ್ ಉಳಿದಿದೆಯಲ್ಲ, ಕೊಡಿ ಮೇಡಂ. ನೀವು ಪಕ್ಕದಲ್ಲೇ ನಿಂತು ನೋಡಿ. ತಪ್ಪು ಎಲ್ಲಿದೆ ಅಂತ ಸಿಗೋವರೆಗೂ ನಾನಂತೂ ಏಳಲ್ಲ."

ಮೇಡಂ ನಿಂತರು. ತಂತಿಯಕ್ಕ ದಿನದಂತೆ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಳು. ಮೈಯಲ್ಲಿ ಕೂಡುವ ವಿದ್ಯುತ್ತನ್ನು ನೆಲಕ್ಕೆ ಇಳಿಸುವ ಪಟ್ಟಿ ಅದು. ಚಿಪ್ ಕಡೆಗೆ ಕೈ ಚಾಚಿದ್ದಷ್ಟೆ.

"ತಡೀರಿ ಅಕ್ಕ! ಈ ಪಟ್ಟಿ ಕಟ್ಟಿರೋದು ನಿಮಗೋ, ಸ್ವೆಟರಿಗೋ?"

ಆಸ್ಪತ್ರೆಯಿಂದ ಬಂದ ಮೇಲೆ ಚಳಿ ತಾಗದಿರಲೆಂದು ಮಗಳು ಕೊಟ್ಟ ನೈಲಾನ್ ಸ್ವೆಟರ್. ಅದರ ತೋಳಿನ ಮೇಲೇ ಪಟ್ಟಿ ಕೂತಿತ್ತು, ಚರ್ಮಕ್ಕೆ ತಾಗಿರಲೇ ಇಲ್ಲ; ಮೊದಲ ಚಿಪ್ ಬೆಸೆದಾಗಲೂ ಹೀಗೇ ಇತ್ತು. ಕ್ಯೂಬಿಟ್ ಒಳಗೆ ಲೋಹದ ತುದಿಗಳು ಕೂಡುವ ತೆಳು ಪದರವನ್ನು ಸುಡಲು ಕಣ್ಣಿಗೆ ಕಾಣದ ಒಂದು ಕಿಡಿ ಸಾಕು. ಕಣ್ಣಿನ ಚಿಂತೆಯಲ್ಲೇ ಮುಳುಗಿದ್ದವಳು ಕೈಯನ್ನೇ ಮರೆತಿದ್ದಳು.

ಅವಳ ಮುಖ ಸಣ್ಣದಾಯಿತು. ಆದರೆ ಕುರ್ಚಿ ಬಿಟ್ಟು ಏಳಲಿಲ್ಲ. ಸ್ವೆಟರ್ ಕಳಚಿ ದೂರ ಎಸೆದು, ಬರಿ ಮಣಿಕಟ್ಟಿಗೆ ಪಟ್ಟಿಯನ್ನು ಬಿಗಿದಳು.

"ಚಳಿಯಾಗಲ್ವಾ ಅಕ್ಕ?"

"ಈ ಚಿಪ್ ಹೋಗಿ ಕೂರೋ ಚಳಿ ಮುಂದೆ ನಂದೇನು ಮಹಾ!"

ತಂತಿಗಳು ಒಂದೊಂದಾಗಿ ಬಿಲ್ಲಿನಂತೆ ಬಾಗಿ ಕೂತವು. ಶೀತಯಂತ್ರ ಮತ್ತೆ ತಣಿಯಿತು. ಮೇಡಂ ಜೋರಾಗಿ ಕೂಗಿ, ಆಮೇಲೆ ಪಿಸುಗುಟ್ಟಿದರು. ಗೆರೆ ಮೆಲ್ಲನೆ ಪಕ್ಕಕ್ಕೆ ಸರಿಯಿತು.

"ಬದುಕಿದೆ ಅಕ್ಕ! ಇನ್ನು ಮೇಜು ನಿಮ್ಮದೇ."

"ಉಳಿದವನ್ನೂ ನೋಡಿಬಿಡಿ," ಎಂದಳು. ಕೊನೆಯ ಕ್ಯೂಬಿಟ್‌ನ ಗೆರೆಯೂ ಸರಿದಾಗಲೇ ಅವಳು ಎದ್ದದ್ದು.

ಮನೆಗೆ ಬಂದವಳೇ ಸ್ವೆಟರನ್ನು ಗಂಡನ ಮಡಿಲಿಗೆ ಹಾಕಿದಳು. "ತಗೊಳ್ಳಿ, ಇದನ್ನ ಹಾಕ್ಕೊಂಡು ಬೀಗ ಕಾಯಿರಿ. ನನಗೆ ಮೇಜಿದೆ."