ಎಡಕ್ಕೆ ತಿರುಗಿಸಿದ ಹೂ

ಸುನಂದಾ, ಅವತ್ತು ಹೂ ಬಲಕ್ಕೇ ಬಿದ್ದಿತ್ತು. ಅದನ್ನು ಎಡಕ್ಕೆ ತಿರುಗಿಸಿದವಳು ನಾನು — ನಿನ್ನ ಅಣ್ಣನ ಹೆಂಡತಿ, ನೀನು ಬಾಯಿತುಂಬ ವೈನಿ ಅಂತ ಕರೆಯುವವಳು.

ಇಷ್ಟು ಬರೆಯಲು ಐದು ವರ್ಷ ಬೇಕಾಯಿತು. ನೀನು ಒಳಗೆ ರೊಟ್ಟಿ ಬಡಿಯುತ್ತಿರುವ ಸಪ್ಪಳ ಕೇಳಿಸುತ್ತಿದೆ. ಯಾರದೋ ಲಗ್ನಪತ್ರಿಕೆ ಮಾಡುತ್ತಿರುವವಳ ಹಾಗೆ ನಾನಿಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ಇದನ್ನು ಟೈಪು ಮಾಡುತ್ತಿದ್ದೇನೆ. ಈ ಐದು ವರ್ಷ ನಾನು ಬದುಕಿದ್ದೇ ಹೀಗೆ — ನಿನ್ನ ಕೈಯ ರೊಟ್ಟಿ ತಿನ್ನುತ್ತ, ನಿನಗೆ ಬೆನ್ನು ಕೊಟ್ಟು.

ಫೋಟೋ ಅಂಗಡಿಯಲ್ಲಿ ಚಿತ್ರ ತಿದ್ದುವ ನನ್ನ ಕೆಲಸ ನಿನಗೆ ಗೊತ್ತಿದ್ದದ್ದೇ. ಅಂಗಿ ಮೇಲೆ ಬಂದವರಿಗೆ ಕೋಟು ತೊಡಿಸುತ್ತೇನೆ, ಶ್ರದ್ಧಾಂಜಲಿ ಬ್ಯಾನರಿಗೆಂದು ಸತ್ತವರ ಅರೆಮುಚ್ಚಿದ ಕಣ್ಣು ತೆರೆಸುತ್ತೇನೆ. ಬ್ಯಾಡಗಿಯಲ್ಲಿ ನನ್ನ ಕೈ ಮುಟ್ಟದ ಮುಖ ಕಡಿಮೆ. ಇದರಲ್ಲಿ ಯಾರಿಗೂ ಕೇಡಿಲ್ಲ ಅಂತಲೇ ನಾನೂ ನಂಬಿದ್ದೆ.

ಕೊರೊನಾ ಬಂದ ವರ್ಷ ಅಂಗಡಿ ಮುಚ್ಚಿತು, ಕಂಪ್ಯೂಟರ್ ಮನೆಗೆ ಬಂತು. ಅದಕ್ಕೂ ಎರಡು ತಿಂಗಳ ಮುಂಚೆ ರಾಣೆಬೆನ್ನೂರಿನ ಈರಣ್ಣ ನಿನ್ನನ್ನು ನೋಡಿ ಹೋಗಿದ್ದ. ಬೀಜದ ಅಂಗಡಿಯ ಹುಡುಗ, ಮಾತು ಕಡಿಮೆ. ಅವನು ಹೋದ ಮೇಲೆ ನೀನು ಕಪ್ಪುಬಸಿ ತೊಳೆಯುತ್ತ ಒಬ್ಬಳೇ ನಗುತ್ತಿದ್ದೆ. ಮರುದಿನ ಅಂಗಡಿಗೆ ಬಂದು ನನ್ನ ಪಕ್ಕ ಕುಳಿತು, ‘ವೈನಿ, ನಮ್ಮಿಬ್ಬರನ್ನೂ ಒಂದ ಫೋಟೋದಾಗ ಕೂಡಿಸಿ ತೋರಸ್ರಿ’ ಅಂದೆ. ಅವನ ಫೋಟೋದಲ್ಲಿ ಮುಖ ಆಚೆ ತಿರುಗಿತ್ತು. ಫ್ಲಿಪ್ ಮಾಡಿದೆ. ಒಂದೇ ಒತ್ತಿಗೆ ಎಡಬಲ ಅದಲುಬದಲಾಗಿ ಅವನು ನಿನ್ನ ಕಡೆ ತಿರುಗಿದ. ನೀನು ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಎದ್ದು ಹೋದೆ. ಆ ಸಂತೋಷವನ್ನು ಕಣ್ಣಾರೆ ಕಂಡವಳು ನಾನು. ಗೊತ್ತಿರಲಿಲ್ಲ ಅನ್ನುವ ಮಾತು ನನ್ನ ಬಾಯಿಗೆ ಒಪ್ಪುವುದಿಲ್ಲ.

ಮನೆದೇವಿಯ ಪ್ರಸಾದ ಕೇಳದೆ ನಮ್ಮಲ್ಲಿ ಯಾವ ಸಂಬಂಧವನ್ನೂ ಮಾಡುವುದಿಲ್ಲ. ಐರಣಿಯ ಕಡೆ ಹೊಳೆದಂಡೆಯ ಗುಡಿಗೆ ಹೋಗಿ, ತಾಯಿಯ ಎರಡೂ ಭುಜಕ್ಕೆ ಒದ್ದೆ ಹೂ ಹಚ್ಚಿಸಿ ಕಾಯಬೇಕು. ಬಲಕ್ಕೆ ಬಿದ್ದರೆ ಆಗಲಿ ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. ಕೇಳುವ ಪ್ರಶ್ನೆಯನ್ನು ಪೂಜಾರಿಗೂ ಹೇಳಬಾರದು. ಆ ವರ್ಷ ಗುಡಿಗೆ ಭಕ್ತರು ಹೋಗುವಂತಿರಲಿಲ್ಲ, ಪೂಜಾರಿಯೊಬ್ಬರೇ ಒಳಗೆ. ನಿಮ್ಮಪ್ಪ, ನಮ್ಮ ಮಾವನವರು, ಎರಡು ದಿನ ಯೋಚಿಸಿ ಕಡೆಗೆ, ‘ತಾಯಿಗೇನು, ಎಲ್ಲಿಂದ ಕೇಳಿದ್ರೂ ಕೇಳಸ್ತೈತಿ’ ಅಂದರು. ಪೂಜಾರಿಯವರು ಮೊಬೈಲನ್ನು ದೀಪದ ಕಂಬಕ್ಕೆ ಆನಿಸಿಟ್ಟು ವಿಡಿಯೋ ಕರೆ ಮಾಡಿದರು. ಕಂಪ್ಯೂಟರಿನ ತೆರೆಯ ಮೇಲೆ ತಾಯಿ ಬಂದಳು — ಬೆಳ್ಳಿಯ ಮುಖ, ಮೂಗಿನಲ್ಲಿ ನತ್ತು.

ಯಾರ ಸಲುವಾಗಿ ಕೇಳುತ್ತೇವೋ ಅವರು ನೋಡುವಂತಿಲ್ಲ. ನೀನು ಒಳಗೆ ದೇವರ ಜಗಲಿಯ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದೆ. ನಿನ್ನ ಅಣ್ಣ ಹಾಲು ತರಲು ಹೋಗಿದ್ದರು. ಒಂದು ತಾಸಾದರೂ ಹೂ ಅಲುಗಲಿಲ್ಲ, ನೆಟ್ ಮಾತ್ರ ಮೂರು ಸಲ ಹೋಗಿ ಬಂತು. ನಾಲ್ಕನೇ ಸಲ ಚಿತ್ರ ನಿಂತುಹೋದಾಗ ಮಾವನವರು ‘ನೆಟ್ ಬಂದ್ರ ನನ್ನ ಕರೀ ಅವ್ವಾ’ ಅಂತ ಹೇಳಿ ನಿನ್ನ ಪಕ್ಕ ಹೋಗಿ ಕುಳಿತರು. ಅವರು ಅತ್ತ ಹೋದರು, ಇತ್ತ ಚಿತ್ರ ಬಂತು, ಬಲಭುಜದ ಹೂ ಮೆಲ್ಲಗೆ ಜಾರಿ ಬಲಪಾದದ ಹತ್ತಿರ ಬಿತ್ತು. ಪೂಜಾರಿ ಗಂಟೆ ಬಾರಿಸಿ ‘ಪ್ರಸಾದ ಆತ್ರಿ’ ಅಂದರು. ನಾನು ಸ್ಕ್ರೀನ್‌ಶಾಟ್ ತೆಗೆದೆ. ಕರೆ ಮತ್ತೆ ಕಡಿದುಹೋಯಿತು.

ಆಗ ನಾನು ಕೂಗಿ ಕರೆಯಬೇಕಿತ್ತು. ಕರೆಯಲಿಲ್ಲ.

ನಿನ್ನ ಮೇಲೆ ದ್ವೇಷವಿತ್ತೇ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇದ್ದಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು. ಇದ್ದದ್ದು ಬೇರೆ. ನೀನು ಹೋದರೆ ನನ್ನ ಮಕ್ಕಳನ್ನು ನೋಡುವವರಾರು, ಮಾವನವರ ಪಥ್ಯ ಮಾಡುವವರಾರು, ನಾನು ಈ ಕುರ್ಚಿಯಲ್ಲಿ ಕುಳಿತು ದುಡಿಯುವುದು ಹೇಗೆ — ಇಷ್ಟೇ. ನಿನ್ನ ಇಡೀ ಬಾಳಿನ ಎದುರು ನಾನು ಇಟ್ಟು ತೂಗಿದ್ದು ನನ್ನ ಸುಖವನ್ನು. ಒಂದು ವರ್ಷ ತಡೆದರೆ ಸಾಕು, ಆಮೇಲೆ ಇನ್ನೊಂದು ಗಂಡು ಬರುತ್ತದೆ ಅಂತಲೂ ಅಂದುಕೊಂಡೆ. ತಮ್ಮ ಕಾಲಿಗೆ ತಾವೇ ಮುಳ್ಳು ಚುಚ್ಚಿಕೊಂಡವರನ್ನು ಕಂಡಿದ್ದೇನೆ. ನಾನು ಚುಚ್ಚಿದ್ದು ನಿನ್ನ ಕಾಲಿಗೆ.

ಫ್ಲಿಪ್ ಮಾಡಿದೆ. ಹೂ ಎಡಕ್ಕೆ ಬಂತು. ಪ್ರಭಾವಳಿಯ ಮೇಲಿನ ಅಕ್ಷರಗಳು ಉಲ್ಟಾ ಆದವು, ಆ ಭಾಗ ಕತ್ತರಿಸಿದೆ. ತಾಯಿಯ ನತ್ತು ಆಚೆ ಮಗ್ಗುಲಿಗೆ ಹೋಯಿತು. ಅದನ್ನು ಮೌಸಿನಿಂದ ಕಿತ್ತು, ತಿರುಗಿ ಈಚೆ ಅಂಟಿಸಿ, ಅಂಚು ಕಾಣದ ಹಾಗೆ ಸವರಿದೆ. ಐದು ನಿಮಿಷದ ಕೆಲಸ. ಕೈ ನಡುಗಲಿಲ್ಲ ಸುನಂದಾ — ನಡುಗಿತ್ತು ಅಂತ ಬರೆದು ಅಳಿಸಿದೆ, ಯಾಕೆಂದರೆ ಅದು ಸುಳ್ಳು. ಗಿರಾಕಿಯ ಕೆಲಸದಷ್ಟೇ ಅಚ್ಚುಕಟ್ಟಾಗಿ ಮಾಡಿದೆ.

‘ಏನಾತವ್ವಾ?’ ಅಂತ ಮಾವನವರು ಬಂದರು. ‘ನೀವ ನೋಡ್ರಿ, ಮಾವಾರ’ ಅಂದು ತೆರೆಯನ್ನು ಅವರತ್ತ ತಿರುಗಿಸಿದೆ. ಬಾಯಿ ಬಿಟ್ಟು ಎಡ ಅನ್ನಲಿಲ್ಲ. ನಾನು ಸುಳ್ಳು ಹೇಳಿಲ್ಲ ಅಂತ ಬಹಳ ದಿನ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದೆ. ಅವರು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಕೈಯಿಂದ ತೆರೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ನಾನು ತಿದ್ದಿದ ಚಿತ್ರಕ್ಕೆ ಆ ಹಿರಿಯರು ಕೈಮುಗಿದರು. ಪೂಜಾರಿಯನ್ನು ಕೇಳೋಣವೇ ಅಂತ ನಿನ್ನ ಅಣ್ಣ ಅಂದಾಗ, ‘ಕಣ್ಣಾರೆ ನೋಡಿದ ಮ್ಯಾಲ ಮತ್ತ ಕೇಳಿದ್ರ ತಾಯಿನ್ನ ಸಂಶೇ ಮಾಡಿದಂಗ’ ಅಂದುಬಿಟ್ಟರು. ಆ ಚಿತ್ರವನ್ನೇ ರಾಣೆಬೆನ್ನೂರಿಗೂ ಕಳಿಸಿದೆವು.

ನೀನು ಅಳಲಿಲ್ಲ. ‘ತಾಯಿನ ಬ್ಯಾಡ ಅಂದ ಮ್ಯಾಲ ಮುಗೀತು ಬಿಡ್ರಿ’ ಅಂದು ಒಲೆಯ ಮುಂದೆ ಹೋದೆ. ಈರಣ್ಣ ಎರಡು ಸಲ ಫೋನು ಮಾಡಿದ, ನೀನು ಎತ್ತಲಿಲ್ಲ. ಈಗ ಅವನಿಗೆ ಮದುವೆಯಾಗಿ ಮಗಳಿದ್ದಾಳೆ. ಅದನ್ನು ಯಾವ ಫ್ಲಿಪ್ಪೂ ಹಿಂದೆ ತಿರುಗಿಸುವುದಿಲ್ಲ.

ಆದರೆ ನಾನು ಎಣಿಸದೇ ಇದ್ದದ್ದು ಇನ್ನೊಂದಿತ್ತು. ಗುಡಿ ತೆರೆದ ಮೇಲೆ ನಾವೆಲ್ಲ ಐರಣಿಗೆ ಹೊರಟೆವು, ನೀನು ಹೊರಡಲಿಲ್ಲ. ‘ನನ್ನ ಬ್ಯಾಡ ಅಂದಾಕಿ ಮುಂದ ನಾ ಯಾಕ ನಿಂದ್ರಲಿ, ವೈನಿ?’ ಅಂದೆ. ಸಣ್ಣವಳಿದ್ದಾಗ ಜ್ವರ ಬಂದರೆ ಅವ್ವನನ್ನು ಬಿಟ್ಟು ಆ ತಾಯಿಯನ್ನು ಕರೆಯುತ್ತಿದ್ದವಳಂತೆ ನೀನು. ಗಂಡನ್ನಷ್ಟೇ ಅಲ್ಲ, ನಾನು ನಿನ್ನ ದೇವರನ್ನೂ ಕಸಿದುಕೊಂಡಿದ್ದೆ. ಐದು ವರ್ಷ ನೀನು ಅಲ್ಲಿಗೆ ಕಾಲಿಟ್ಟಿಲ್ಲ. ಆಮೇಲೆ ಬಂದ ಯಾವ ಗಂಡಿಗೂ ಹೂಂ ಅಂದಿಲ್ಲ.

ಹೋದ ವಾರ ಹಾವೇರಿಯಿಂದ ಮಾಸ್ತರರ ಸಂಬಂಧ ಬಂತು. ಹೆಂಡತಿ ತೀರಿಕೊಂಡವರು, ಸಂಭಾವಿತರು. ನಿನಗೂ ಮನಸ್ಸಿಲ್ಲದೆ ಇಲ್ಲ ಅಂತ ನನಗೆ ಕಾಣುತ್ತದೆ. ಮಾವನವರು ಪ್ರಸಾದ ಕೇಳೋಣ ಅಂದಾಗ ನೀನು ತಲೆಯೆತ್ತದೆ, ‘ಕೇಳೂದು ಬ್ಯಾಡ ಅಪ್ಪಾ, ಆಕಿ ಬ್ಯಾಡನ ಅಂತಾಳ. ನನ್ನ ಹಣೇಬಾರ ನನಗ ಗೊತ್ತೈತಿ’ ಅಂದೆ. ನಾಡಿದ್ದು ಅವರಿಗೆ ಇಲ್ಲ ಅಂತ ಹೇಳಿ ಕಳಿಸುತ್ತೀರಿ. ಅಷ್ಟರೊಳಗೆ ನೀನು ಇದನ್ನು ಓದಬೇಕು.

ಮೊದಲು ತೆಗೆದ ಚಿತ್ರವನ್ನು ನಾನು ಅಳಿಸಿಲ್ಲ. ಎಷ್ಟು ಸಲ ಅಳಿಸಲು ಹೋಗಿದ್ದೇನೋ, ಆಗಿಲ್ಲ. ಇದನ್ನು ಮುಗಿಸಿ ಅದನ್ನೂ, ಈ ಬರಹವನ್ನೂ ಪ್ರಿಂಟ್ ತೆಗೆದು, ಮಾವನವರೂ ನಿನ್ನ ಅಣ್ಣನೂ ಊಟಕ್ಕೆ ಕುಳಿತಾಗ ಅವರೆದುರೇ ನಿನ್ನ ಕೈಗೆ ಕೊಡುತ್ತೇನೆ. ನಿನಗೊಬ್ಬಳಿಗೇ ಗುಟ್ಟಾಗಿ ಕೊಟ್ಟರೆ ನೀನು ನನ್ನ ಮಾನ ಕಾಯಲು ಹರಿದುಹಾಕುತ್ತೀ, ನಿನ್ನ ಗುಣ ನನಗೆ ಗೊತ್ತು. ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಾನು ಮತ್ತೆ ನಿನ್ನಿಂದ ಏನೋ ಇಸಿದುಕೊಂಡ ಹಾಗಾಗುತ್ತದೆ. ಮಾಸ್ತರರಿಗೆ ಹೂಂ ಅನ್ನು, ಊಹೂಂ ಅನ್ನು, ಈ ಮನೆಯಲ್ಲಿ ನನ್ನ ಮುಖ ನೋಡಬೇಡ, ಎಲ್ಲವೂ ನಿನ್ನ ಇಷ್ಟ. ಇಷ್ಟನ್ನು ಮಾತ್ರ ತಿಳಿದುಕೊಂಡು ಮಾಡು: ಆ ತಾಯಿ ನಿನ್ನನ್ನು ಒಂದು ದಿನವೂ ಬೇಡ ಅಂದವಳಲ್ಲ. ಅಂದವಳು ನಾನು.