ಮೊದಲ ತುತ್ತಿನ ಕಲ್ಲು

ಕುರಿ ಕಾಯುವ ಕೆಂಚಮ್ಮಜ್ಜಿ ಬುತ್ತಿ ಬಿಚ್ಚಿದರೆ ಮೊದಲ ತುತ್ತನ್ನು ಒಂದು ಕಲ್ಲಿನ ಮೇಲಿಡುತ್ತಿದ್ದಳು. ಎಪ್ಪತ್ತರ ದಶಕದಲ್ಲಿ ಮತ್ತೋಡಿನ ಬಳಿ ಹಾಸ್ಟೆಲ್ ಕಟ್ಟುವ ಜಾಗದ ಮಣ್ಣು, ಕಲ್ಲು ಪರೀಕ್ಷಿಸಿ ವರದಿ ಕೊಡಲು ಹೋಗಿದ್ದ ಭೂವಿಜ್ಞಾನಿ ನಾನು. ಆ ಜಾಗದಲ್ಲೇ ಇದ್ದ ಅಜ್ಜಿಯ ಕಲ್ಲಿನಲ್ಲಿ ಈರುಳ್ಳಿಯನ್ನು ಅಡ್ಡ ಕೊಯ್ದಂತೆ ಬಳೆಬಳೆ ಗೆರೆಗಳಿದ್ದವು. ಬಲು ಹಳೆಯ ಪಳೆಯುಳಿಕೆ.

"ಅಜ್ಜಿ, ಇದಕ್ಕೆ ಒಂದು ಕಾಲದಲ್ಲಿ ಜೀವ ಇತ್ತು," ಎಂದೆ, ನನ್ನ ಕಾನ್ವೆಂಟ್ ಕನ್ನಡದಲ್ಲಿ.

"ಹೊಸದೇನು ಹೇಳ್ದೆ ತಾಯಿ? ಜೀವ ಇಲ್ದಿದ್ರೆ ನಾನ್ಯಾಕೆ ಉಣ್ಣಾಕಿಡ್ತಿದ್ದೆ?"

ವರದಿಯಲ್ಲಿ ಬರೆದರೆ ಕಲ್ಲನ್ನು ಕಿತ್ತು ಮ್ಯೂಸಿಯಮ್ಮಿಗೆ ಒಯ್ಯುತ್ತಾರೆ, ಬರೆಯದಿದ್ದರೆ ಪಾಯದಡಿ ಹೂತುಹೋಗುತ್ತದೆ ಎಂದು ತೊದಲುತ್ತಲೇ ಹೇಳಿದೆ. ಅಜ್ಜಿ ಸೆರಗಿನಿಂದ ಕಲ್ಲನ್ನು ಒರೆಸಿ, ನನಗೂ ಒಂದು ತುಂಡು ರೊಟ್ಟಿ ಕೊಟ್ಟಳು.

"ಇಲ್ಲೇ ಇರೋ ಹಂಗೆ ಬರಿಯವ್ವ. ಓದಿದೋಳು, ನಿಂಗೆ ಬರ್ತೈತೆ."

ನನ್ನ ಬಾಯಲ್ಲಿ ರೊಟ್ಟಿಯಿತ್ತು. ಅಗಿಯುತ್ತಲೇ ವರದಿಯ ಪುಸ್ತಕ ತೆರೆದೆ; ಹಾಗೆ ಬರೆಯಲು ಅದರಲ್ಲಿ ಒಂದು ಕಾಲಮ್ಮೂ ಇರಲಿಲ್ಲ.